ಪತ್ತೇದಾರಿ ಸಿನಿಮಾ, ಹೊಡೆದಾಟ ಮತ್ತು ಮಕ್ಕಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಡೆದಾಟ, ಕೊಲೆ ಇರುವ ಪತ್ತೇದಾರಿ ಸಿನಿಮಾಗಳನ್ನು ಮಕ್ಕಳಿಗೆ ತೋರಿಸಬಹುದಾ ಎಂದು ಅಪ್ಪ-ಅಮ್ಮಂದಿರು, ಮೇಷ್ಟ್ರುಗಳು, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ-ಅಜ್ಜಿಯರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಉದಾಹರಣೆಗೆ ಹೆಚ್ಚಾಗಿ 2009ರ ‘ಷರ್ಲಾಕ್ ಹೋಮ್ಸ್’ ಸಿನಿಮಾವನ್ನೇ ತೆಗೆದುಕೊಂಡಿದ್ದೇನೆ. ಗೈ ರಿಚಿ ನಿರ್ದೇಶನ, ರಾಬರ್ಟ್ ಡೌನಿ ಜೂನಿಯರ್ ಹೋಮ್ಸ್, ಜೂಡ್ ಲಾ ಡಾಕ್ಟರ್ ವಾಟ್ಸನ್. ಅತಿ ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆಯೇ. ಕೆಲವು ಕಡೆ ಕಥೆಯ ಗುಟ್ಟು ಹೇಳದೆ ವಿಧಿಯಿಲ್ಲ, ಸಿನಿಮಾ ನೋಡದವರು ಗಮನಿಸಿ.

## ಶುರುವಿನ ಪ್ರಶ್ನೆಗಳು

ಯು/ಎ ಸರ್ಟಿಫಿಕೇಟ್ ಇದೆ. ಅಂದ್ರೆ ಮಕ್ಕಳಿಗೆ ಓಕೆ ಅಂತಲೇ ಅಲ್ವಾ?

ಅಲ್ಲ. ಯು/ಎ ಅಂದರೆ ತೀರ್ಮಾನವನ್ನು ನಿಮಗೇ ಬಿಟ್ಟಿದ್ದಾರೆ ಎಂದರ್ಥ. ಎ ಸರ್ಟಿಫಿಕೇಟ್ ಇದ್ದರೆ 18 ತುಂಬದವರನ್ನು ಥಿಯೇಟರಿನವರು ಒಳಗೆ ಬಿಡುವಂತಿಲ್ಲ, ಅದು ಕಾನೂನು. ಯು/ಎ ಹಾಗಲ್ಲ. ಅದು ದೊಡ್ಡವರಿಗೆ ಕೊಡುವ ಎಚ್ಚರಿಕೆ ಮಾತ್ರ. ಗೇಟಿನಲ್ಲಿ ಯಾರೂ ತಡೆಯುವುದಿಲ್ಲ.

ನಮ್ಮಲ್ಲಿ ಯು/ಎ ಬಂದದ್ದು 1983ರಲ್ಲಿ. ಅಲ್ಲಿಂದ ನಾಲ್ಕು ದಶಕ, 12 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅದೇ ಒಂದು ಗುರುತು. ನಾಲ್ಕು ವರ್ಷದ ಮಗುವಿಗೂ ಹನ್ನೊಂದರ ಹುಡುಗನಿಗೂ ಒಂದೇ ಅಳತೆ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಬಂತು, 2024ರಲ್ಲಿ ಹೊಸ ನಿಯಮಗಳು ಬಂದವು. ಈಗ ಯುಎ 7+, ಯುಎ 13+, ಯುಎ 16+ ಎಂದು ಮೂರು ಭಾಗ ಮಾಡಿದ್ದಾರೆ. ಇದು ನಿಜವಾಗಿಯೂ ಉಪಯೋಗಕ್ಕೆ ಬರುವ ಬದಲಾವಣೆ. ಆದರೆ ಹಳೆಯ ಸಿನಿಮಾಗಳ ಮೇಲೆ ಇರುವುದು ಹಳೆಯ ಯು/ಎ ಗುರುತೇ. ಅದನ್ನು ನೋಡಿ ಎಷ್ಟು ವರ್ಷದವರಿಗೆ ಸರಿ ಎಂದು ಹೇಳಲಾಗದು.

ಇಂಗ್ಲಿಷ್ ಸಿನಿಮಾಗಳಿಗೆ ಪಿಜಿ-13, 12ಎ ಅಂತೆಲ್ಲ ಇರುತ್ತೆ. ಅದನ್ನ ನಂಬಬಹುದಾ?

ಒಂದು ಅಂದಾಜಿಗೆ ನಂಬಬಹುದು. ಪಿಜಿ-13 ಅಮೆರಿಕದ್ದು. ಪಿಜಿ ಅಂದರೆ ಅಪ್ಪ-ಅಮ್ಮ ನೋಡಿ ತೀರ್ಮಾನಿಸಲಿ ಎಂಬ ಸೂಚನೆ, ಪಿಜಿ-13 ಅಂದರೆ 13 ತುಂಬದವರ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ. 1984ರಲ್ಲಿ ಇಂಡಿಯಾನಾ ಜೋನ್ಸ್‌ನ ಎರಡನೇ ಸಾಹಸ ಸಿನಿಮಾ ನೋಡಿ ಅಲ್ಲಿನ ಅಪ್ಪ-ಅಮ್ಮಂದಿರು ಗಾಬರಿಯಾದರು. ಎದೆಯಿಂದ ಹೃದಯ ಕಿತ್ತು ತೆಗೆಯುವ ಸೀನ್ ಇರುವ ಸಿನಿಮಾ ಬರೀ ಪಿಜಿ ಎಂದು ಬಂದಿತ್ತು. ಆ ಗಲಾಟೆಯಿಂದಲೇ ಅದೇ ವರ್ಷ ಪಿಜಿ-13 ಹುಟ್ಟಿತು. ಅಂದರೆ ಸಾಹಸ ಸಿನಿಮಾಗಳ ಸಲುವಾಗಿಯೇ ಆದ ಗುರುತು ಇದು.

12ಎ ಬ್ರಿಟನ್‌ನದು, 2002ರಿಂದ ಇದೆ. 12 ತುಂಬದ ಮಗು ದೊಡ್ಡವರ ಜೊತೆ ಬಂದರೆ ಮಾತ್ರ ಥಿಯೇಟರಿಗೆ ಪ್ರವೇಶ. ಷರ್ಲಾಕ್ ಹೋಮ್ಸ್‌ಗೆ ಅಮೆರಿಕದಲ್ಲಿ ಸಿಕ್ಕಿದ್ದು ಪಿಜಿ-13, ಬ್ರಿಟನ್‌ನಲ್ಲಿ 12ಎ. ಎರಡು ದೇಶದವರೂ 12-13ರ ಆಸುಪಾಸಿಗೇ ಬಂದು ನಿಂತಿದ್ದಾರೆ ಎನ್ನುವುದನ್ನು ನಾನಂತೂ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಐರನ್ ಮ್ಯಾನ್ ಹೀರೋನೇ ಷರ್ಲಾಕ್ ಹೋಮ್ಸ್‌ನಲ್ಲೂ ಇರೋದು ಅಂತ ಎಂಟು ವರ್ಷದ ಮಗ ಹಟ ಹಿಡಿದಿದ್ದಾನೆ. ತೋರಿಸಲಾ?

ಎಂಟಕ್ಕೆ ಬೇಡ. ಹತ್ತು-ಹನ್ನೊಂದರ ಗಟ್ಟಿ ಮನಸ್ಸಿನ ಮಗುವಿಗೆ ನೀವು ಪಕ್ಕದಲ್ಲಿ ಕೂತು ತೋರಿಸಬಹುದು. ಹನ್ನೆರಡರ ಮೇಲೆ ನನಗೆ ಅಷ್ಟು ಚಿಂತೆಯಿಲ್ಲ.

ಯಾಕೆ ಎಂದು ಸೀನ್ ಸಮೇತ ಹೇಳುತ್ತೇನೆ. ಸಿನಿಮಾ ಶುರುವಾಗುವುದೇ ಕತ್ತಲೆಯ ನೆಲಮಾಳಿಗೆಯಲ್ಲಿ. ಬಿಳಿ ಬಟ್ಟೆಯ ಯುವತಿಯೊಬ್ಬಳನ್ನು ಮಲಗಿಸಿ ಬಲಿ ಕೊಡಲು ಹೊರಟಿದ್ದಾರೆ. ಅವಳ ಕೈಯಲ್ಲೇ ಚಾಕು, ಅವಳ ಮೇಲೇ ತಿರುಗಿದೆ. ಆಮೇಲೆ ಖಳನಾಯಕ ಲಾರ್ಡ್ ಬ್ಲ್ಯಾಕ್‌ವುಡ್‌ನನ್ನು ಗಲ್ಲಿಗೇರಿಸುತ್ತಾರೆ. ಅವನ ಶವಪೆಟ್ಟಿಗೆ ತೆಗೆದರೆ ಒಳಗೆ ಬೇರೆ ಯಾರದೋ ಹೆಣ, ಅದರಲ್ಲಿ ಹುಳ. ಒಬ್ಬ ಹಿರಿಯ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸಾಯುತ್ತಾನೆ. ಇನ್ನೊಬ್ಬ ಎಲ್ಲರ ಮುಂದೆ ಹೊತ್ತಿ ಉರಿಯುತ್ತಾನೆ.

ಎಲ್ಲಕ್ಕಿಂತ ಕಷ್ಟದ್ದು ಕಸಾಯಿಖಾನೆಯ ಸೀನ್. ಹಂದಿಗಳ ಮಾಂಸ ಸಾಲಾಗಿ ಕೊಕ್ಕೆಯಲ್ಲಿ ತೂಗುತ್ತಾ ಗರಗಸದ ಕಡೆ ಸಾಗುತ್ತಿರುತ್ತದೆ. ಅದೇ ಸಾಲಿನಲ್ಲಿ ಹೋಮ್ಸ್‌ನ ಹಳೆಯ ಪರಿಚಯದ ಐರೀನ್ ಆಡ್ಲರ್‌ಳನ್ನೂ ಸರಪಳಿಯಲ್ಲಿ ಕಟ್ಟಿ ತೂಗುಹಾಕಿದ್ದಾರೆ. ಅವಳು ಉಳಿಯುತ್ತಾಳೆ. ಆದರೆ ಉಳಿಯುವವರೆಗಿನ ಆ ಹೊತ್ತು ಉದ್ದವಾಗಿದೆ, ಗರಗಸದ ಸದ್ದು ಕಿವಿಗೆ ಬಡಿಯುತ್ತದೆ. ಚಿಕ್ಕ ಮಕ್ಕಳಿಗೆ ಅವಳು ಉಳಿದದ್ದಕ್ಕಿಂತ ಆ ಸದ್ದೇ ಜಾಸ್ತಿ ನೆನಪಿರುತ್ತದೆ.

ನಾಯಿ ಪ್ರೀತಿಸುವ ಮಕ್ಕಳಿದ್ದರೆ ಇನ್ನೊಂದು ವಿಷಯ. ಹೋಮ್ಸ್ ತನ್ನ ಪ್ರಯೋಗಗಳನ್ನು ವಾಟ್ಸನ್‌ನ ನಾಯಿಯ ಮೇಲೆ ಮಾಡುತ್ತಾನೆ. ನಾಯಿಗೆ ಏನೂ ಆಗುವುದಿಲ್ಲ. ಅದನ್ನು ಮೊದಲೇ ಹೇಳಿ ಕೂರಿಸಿ.

ಲೈಂಗಿಕ ವಿಷಯ ಕಡಿಮೆ. ಹೋಮ್ಸ್ ಬಟ್ಟೆಯಿಲ್ಲದೆ ಮಂಚಕ್ಕೆ ಬೇಡಿ ಹಾಕಿಸಿಕೊಂಡು ಸಿಕ್ಕಿಬೀಳುವ ಒಂದು ಸೀನ್ ಇದೆ, ದಿಂಬು ಅಡ್ಡ ಇದೆ, ನಗುವಿಗಾಗಿ ಮಾಡಿದ್ದು. ಮನೆಯವರೆಲ್ಲ ಕೂತು ನೋಡುವಾಗ ಒಂದು ನಿಮಿಷ ಮುಜುಗರ ಆಗಬಹುದು, ಅಷ್ಟೇ.

ರಕ್ತ ಜಾಸ್ತಿ ಇಲ್ಲ ಅಂದ್ರೆ ಸಾಕಲ್ವಾ?

ರಕ್ತ ಲೆಕ್ಕ ಹಾಕುವುದು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ನೋಡುತ್ತಾರೆ. ನಾನು ನೋಡುವುದು ಬೇರೆ: ಹೊಡೆತ ತಿಂದವನಿಗೆ ನೋವಾಯಿತು ಎಂದು ಸಿನಿಮಾ ಒಪ್ಪಿಕೊಳ್ಳುತ್ತದಾ?

ಈ ಹೋಮ್ಸ್ ಸಿನಿಮಾದಲ್ಲಿ ಹೆಸರಾದ ಒಂದು ಚಮತ್ಕಾರವಿದೆ. ಹೊಡೆಯುವ ಮೊದಲು ಹೋಮ್ಸ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಮೊದಲು ಕಿವಿಗೆ, ಆಮೇಲೆ ಗಂಟಲಿಗೆ, ಪಕ್ಕೆಲುಬಿಗೆ, ಮಂಡಿಗೆ. ಪ್ರತಿ ಏಟೂ ನಿಧಾನವಾಗಿ, ಹತ್ತಿರದಿಂದ ಕಾಣುತ್ತದೆ. ಏಟು ತಿಂದವನು ಎಷ್ಟು ವಾರಕ್ಕೆ ಚೇತರಿಸಿಕೊಳ್ಳುತ್ತಾನೆ ಎಂದೂ ಹೇಳುತ್ತಾನೆ. ಲೆಕ್ಕ ಮುಗಿದ ಮೇಲೆ ಅದೇ ಏಟುಗಳು ಚಕಚಕನೆ ನಿಜವಾಗಿ ಬೀಳುತ್ತವೆ. ರಕ್ತ ಕಡಿಮೆಯೇ. ಆದರೆ ಇಲ್ಲಿ ಹೊಡೆತವೇ ಬುದ್ಧಿವಂತಿಕೆ. ಕ್ಲಾಸಿನಲ್ಲಿ ಜಾಣ ಅನ್ನಿಸಿಕೊಂಡ ಹುಡುಗನಿಗೆ ಇದು ತುಂಬಾ ಹಿಡಿಸುತ್ತದೆ. ಮೈಯ ಯಾವ ಭಾಗಕ್ಕೆ ಹೊಡೆದರೆ ಏನಾಗುತ್ತದೆ ಎಂಬ ಪಟ್ಟಿ ಅವನ ತಲೆಯಲ್ಲಿ ಉಳಿಯುತ್ತದೆ. ಹೆಣದ ಸೀನ್‌ಗಿಂತ ನನಗೆ ಇದೇ ಜಾಸ್ತಿ ಯೋಚನೆಯ ವಿಷಯ. ದೊಡ್ಡ ಮಕ್ಕಳ ಜೊತೆ ಮಾತಾಡಲೇಬೇಕಾದದ್ದೂ ಇದನ್ನೇ.

## ಮಗು ಮತ್ತು ವಯಸ್ಸು

ಐದು ವರ್ಷದವಳು ಅಣ್ಣನ ಪಕ್ಕ ಕೂತು ನೋಡ್ತಾಳೆ. ಅವಳಿಗೆ ಕಥೆ ಅರ್ಥವೇ ಆಗಲ್ಲ, ಹಾಗಾಗಿ ಪರವಾಗಿಲ್ಲ ಅಲ್ವಾ?

ಅರ್ಥ ಆಗದೇ ಇರುವುದರಿಂದಲೇ ತೊಂದರೆ. ಜೋನ್ ಕ್ಯಾಂಟರ್ ಎಂಬ ಅಮೆರಿಕದ ಸಂಶೋಧಕಿ ಮಕ್ಕಳು ಟಿವಿ, ಸಿನಿಮಾ ನೋಡಿ ಹೆದರುವುದರ ಬಗ್ಗೆ ಬಹಳ ವರ್ಷ ಕೆಲಸ ಮಾಡಿದರು. ಅವರ ತಂಡ 1980ರ ದಶಕದಲ್ಲಿ ಹಲ್ಕ್ ಧಾರಾವಾಹಿಯ ಒಂದು ಭಾಗವನ್ನು ಮಕ್ಕಳಿಗೆ ತೋರಿಸಿತು. ಹಲ್ಕ್ ಒಳ್ಳೆಯವನು, ಕಷ್ಟದಲ್ಲಿರುವವರನ್ನು ಕಾಪಾಡಲು ಬರುತ್ತಾನೆ. ಆದರೆ ತೀರಾ ಚಿಕ್ಕ ಮಕ್ಕಳು ಹೆದರಿದ್ದು ಅವನನ್ನು ನೋಡಿಯೇ. ಹಸಿರು ಮೈ, ಕೆಕ್ಕರಿಸಿದ ಕಣ್ಣು ಅಷ್ಟೇ ಅವರಿಗೆ ಕಂಡದ್ದು. ಒಂಬತ್ತು-ಹತ್ತರ ಮಕ್ಕಳಿಗೆ ಅವನು ಬಂದ ಮೇಲೆ ಅಷ್ಟು ಭಯವಿರಲಿಲ್ಲ.

ನಿಮ್ಮ ಮಗಳಿಗೂ ಹಾಗೇ. ಯಾರು ಒಳ್ಳೆಯವರು, ಯಾಕೆ ಹೊಡೆದರು ಎಂಬುದು ಅವಳಿಗೆ ತಲುಪುವುದಿಲ್ಲ. ಮುಖ, ಕತ್ತಲೆ, ಸದ್ದು ಮಾತ್ರ ತಲುಪುತ್ತವೆ. ಅಣ್ಣ ನೋಡುವ ಹೊತ್ತಿಗೆ ಅವಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಬಾಗಿಲು ಮುಚ್ಚಿ, ವಾಲ್ಯೂಮ್ ಕಡಿಮೆ ಇಡಿ.

ದೊಡ್ಡ ಮಕ್ಕಳ ಭಯ ಬೇರೆ. ಅವರು ಹೆದರುವುದು ನಿಜವಾಗಿ ನಡೆಯಬಹುದಾದದ್ದಕ್ಕೆ: ಮನೆಗೆ ಯಾರಾದರೂ ನುಗ್ಗಿದರೆ, ಅಮ್ಮನಿಗೆ ಏನಾದರೂ ಆದರೆ. ಹತ್ತರ ಹುಡುಗ ದೆವ್ವ ನೋಡಿ ನಕ್ಕು, ಅಪಹರಣದ ಸೀನ್ ನೋಡಿ ರಾತ್ರಿಯಿಡೀ ಎಚ್ಚರವಾಗಿದ್ದರೆ ಆಶ್ಚರ್ಯಪಡಬೇಡಿ.

ಹೆದರಿದ್ರೆ ಮಧ್ಯದಲ್ಲೇ ಆಫ್ ಮಾಡಿಬಿಡಬಹುದಲ್ಲ?

ಬೇರೆ ಸಿನಿಮಾಗಳಲ್ಲಿ ಮಾಡಬಹುದು. ಪತ್ತೇದಾರಿ ಸಿನಿಮಾದಲ್ಲಿ ಅದೇ ಕೆಟ್ಟ ದಾರಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಪತ್ತೇದಾರಿ ಕಥೆ ಭಯವನ್ನು ಮೊದಲು ಕೊಟ್ಟು ಉತ್ತರವನ್ನು ಕೊನೆಗೆ ಇಟ್ಟಿರುತ್ತದೆ. ಹೋಮ್ಸ್ ಸಿನಿಮಾದಲ್ಲಿ ಗಲ್ಲಿಗೇರಿದವನು ಸಮಾಧಿ ಒಡೆದು ಎದ್ದು ಬರುತ್ತಾನೆ. ಅವನು ಮಂತ್ರ ಹಾಕಿದವರೆಲ್ಲ ಸಾಯುತ್ತಾರೆ. ಎರಡು ಗಂಟೆ ಹಾಗೆಯೇ ನಂಬಿಸುತ್ತಾರೆ. ಕೊನೆಯಲ್ಲಿ, ಇನ್ನೂ ಕಟ್ಟುತ್ತಿರುವ ಟವರ್ ಬ್ರಿಡ್ಜ್ ಮೇಲೆ ನಿಂತು ಹೋಮ್ಸ್ ಒಂದೊಂದೇ ಬಿಡಿಸಿ ಹೇಳುತ್ತಾನೆ. ನೇಣಿನ ಹಗ್ಗದಲ್ಲಿ ಮೋಸವಿತ್ತು. ನಾಡಿ ಸಿಗದಂತೆ ಮಾಡಿದ್ದು ಒಂದು ಮದ್ದು. ಉರಿದವನ ಮೈಮೇಲೆ ಬಿದ್ದದ್ದು ಮಳೆಯಲ್ಲ, ಬೆಂಕಿ ಹತ್ತುವ ದ್ರವ. ಮಂತ್ರ ಎಲ್ಲೂ ಇರಲಿಲ್ಲ.

ಮಧ್ಯದಲ್ಲಿ ಟಿವಿ ಆರಿಸಿದರೆ ಮಗು ‘ಸತ್ತವನು ಎದ್ದು ಬಂದ’ ಎಂಬಲ್ಲೇ ನಿಂತುಬಿಡುತ್ತದೆ. ಅದನ್ನೇ ತೆಗೆದುಕೊಂಡು ಹಾಸಿಗೆಗೆ ಹೋಗುತ್ತದೆ. ನಿಲ್ಲಿಸಲೇಬೇಕಾಯಿತು ಎಂದುಕೊಳ್ಳಿ. ಲೈಟ್ ಹಾಕಿ, ಪಕ್ಕ ಕೂರಿಸಿಕೊಂಡು, ಕೊನೆಯಲ್ಲಿ ಏನಾಗುತ್ತದೆ ಎಂದು ಪೂರ್ತಿ ಹೇಳಿಬಿಡಿ. ಗುಟ್ಟು ಹೋಯಿತಲ್ಲ ಎಂದು ಯೋಚಿಸಬೇಡಿ. ನಿಮಗೇ ಕೊನೆ ಗೊತ್ತಿಲ್ಲದಿದ್ದರೆ ಅಲ್ಲೇ ಫೋನಿನಲ್ಲಿ ಕಥೆ ಓದಿ ಹೇಳಿ. ನಾಳೆ ಬೆಳಿಗ್ಗೆ ಹೇಳುತ್ತೇನೆ ಎಂದು ಮುಂದೂಡಬೇಡಿ.

ಕ್ಲಾಸಲ್ಲಿ ಎಲ್ಲರೂ ನೋಡಿದ್ದಾರಂತೆ. ನಮ್ಮವನೊಬ್ಬನೇ ನೋಡಿಲ್ಲ ಅಂತ ಬೇಜಾರು.

ಎಲ್ಲರೂ ಅಂದರೆ ಸಾಮಾನ್ಯವಾಗಿ ಮೂರ್ನಾಲ್ಕು ಜನ. ಆದರೂ ಅವನ ಬೇಜಾರು ನಿಜ. ಬೇಡ ಎಂದಷ್ಟೇ ಹೇಳಿ ಬಿಡಬೇಡಿ, ಯಾವಾಗ ಎಂದು ಹೇಳಿ. ‘ಬೇಸಿಗೆ ರಜೆಯಲ್ಲಿ, ನಾವಿಬ್ಬರೂ ಕೂತು’ ಅಂದರೆ ಹಟ ಅರ್ಧ ಇಳಿಯುತ್ತದೆ. ಹೇಳಿದ ಮೇಲೆ ಮಾತು ಉಳಿಸಿಕೊಳ್ಳಿ.

## ನೋಡುವ ಮೊದಲು

ಪೂರ್ತಿ ಸಿನಿಮಾ ಮೊದಲೇ ನೋಡೋಕೆ ನನಗೆಲ್ಲಿದೆ ಟೈಮು? ಬೇಗ ಗೊತ್ತಾಗೋ ದಾರಿ ಇದೆಯಾ?

ಇದೆ. ಬ್ರಿಟನ್‌ನ ಸೆನ್ಸಾರ್ ಸಂಸ್ಥೆ ಬಿಬಿಎಫ್‌ಸಿಯ ವೆಬ್‌ಸೈಟಿನಲ್ಲಿ ಸಿನಿಮಾದ ಹೆಸರು ಹುಡುಕಿ. ಯಾಕೆ ಆ ಸರ್ಟಿಫಿಕೇಟ್ ಕೊಟ್ಟರು ಎಂದು ಚಿಕ್ಕದಾಗಿ ಬರೆದಿರುತ್ತಾರೆ. ಸಿನಿಮಾ ಮಾಹಿತಿಯ ತಾಣ ಐಎಂಡಿಬಿಯಲ್ಲಿ ಪ್ರತಿ ಸಿನಿಮಾಕ್ಕೂ ‘ಪೇರೆಂಟ್ಸ್ ಗೈಡ್’ ಎಂಬ ಭಾಗವಿದೆ. ಹಿಂಸೆ, ಬೈಗುಳ, ಕುಡಿತ, ಹೆದರಿಸುವ ಸೀನ್ ಎಂದು ಬೇರೆ ಬೇರೆ ಮಾಡಿ ನೋಡಿದವರೇ ಬರೆದಿರುತ್ತಾರೆ. ಕೆಲವರು ಅತಿಯಾಗಿ ಬರೆಯುತ್ತಾರೆ, ಆದರೆ ಯಾವ ಸೀನ್ ಇದೆ ಎಂಬುದಂತೂ ಗೊತ್ತಾಗುತ್ತದೆ. ಕಾಮನ್ ಸೆನ್ಸ್ ಮೀಡಿಯಾ ಎಂಬ ತಾಣದಲ್ಲಿ ಎಷ್ಟು ವರ್ಷಕ್ಕೆ ಸರಿ ಎಂದೂ ಹೇಳಿರುತ್ತಾರೆ.

ಕನ್ನಡ ಸಿನಿಮಾಗಳಿಗೆ ಇಷ್ಟು ವಿವರ ಸಿಗುವುದು ಕಷ್ಟ. ಆಗ ನಾನು ಮಾಡುವುದು ಇದು. ಮೊದಲ ಹದಿನೈದು ನಿಮಿಷ, ಇಂಟರ್ವಲ್‌ಗೆ ಮುಂಚಿನ ಹತ್ತು ನಿಮಿಷ, ಕ್ಲೈಮ್ಯಾಕ್ಸ್, ಈ ಮೂರನ್ನು ಒಬ್ಬಳೇ ಕೂತು ನೋಡುತ್ತೇನೆ. ನಿರ್ದೇಶಕರು ತಮ್ಮ ಕೈಯಲ್ಲಿರುವ ಜೋರಿನ ಸೀನ್‌ಗಳನ್ನು ಹೆಚ್ಚಾಗಿ ಇಡುವುದು ಅಲ್ಲೇ. ಟ್ರೇಲರ್ ನೋಡಿ ತೀರ್ಮಾನ ಮಾಡಬೇಡಿ.

ಹಾಡು ನೋಡಿ ಮಗಳು ಹೋಗೋಣ ಅಂದಳು. ಒಳಗೆ ಹೋದ್ರೆ ಮಕ್ಕಳ ಕೊಲೆ ಕಥೆ! ಇದನ್ನ ಮೊದಲೇ ತಿಳಿಯೋದು ಹೇಗೆ?

2022ರ ಜುಲೈನಲ್ಲಿ ‘ವಿಕ್ರಾಂತ್ ರೋಣ’ ಬಂದಾಗ ಈ ಪ್ರಶ್ನೆ ಬಹಳ ಮನೆಗಳಿಂದ ಬಂತು. ಅನೂಪ್ ಭಂಡಾರಿ ನಿರ್ದೇಶನ, ಸುದೀಪ್ ಹೀರೋ, ಮೇಲೆ ತ್ರೀಡಿ. ‘ರಾ ರಾ ರಕ್ಕಮ್ಮ’ ಹಾಡಿಗೆ ಸ್ಕೂಲ್ ಮಕ್ಕಳೆಲ್ಲ ಕುಣಿಯುತ್ತಿದ್ದರು. ಹೀಗಾಗಿ ಮಕ್ಕಳೇ ಅಪ್ಪ-ಅಮ್ಮನನ್ನು ಎಳೆದುಕೊಂಡು ಹೋದರು. ಕಥೆ ನೋಡಿದರೆ, ಕಾಡಿನ ನಡುವಿನ ಊರಿನಲ್ಲಿ ಮಕ್ಕಳು ಕೊಲೆಯಾಗುತ್ತಿರುತ್ತಾರೆ, ಅದರ ತನಿಖೆಗೆ ಇನ್‌ಸ್ಪೆಕ್ಟರ್ ಬರುತ್ತಾನೆ. ಸಿನಿಮಾ ಮಾಡಿದವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ, ಕಥೆ ಏನೆಂಬುದು ಗುಟ್ಟಾಗಿರಲಿಲ್ಲ. ಹಾಡಿನ ಗದ್ದಲದಲ್ಲಿ ನಾವು ಕೇಳಿಕೊಳ್ಳಲಿಲ್ಲ ಅಷ್ಟೇ.

ಪತ್ತೇದಾರಿ ಸಿನಿಮಾಕ್ಕೆ ಹೋಗುವ ಮೊದಲು ಒಂದೇ ಪ್ರಶ್ನೆ ಕೇಳಬೇಕೆಂದರೆ ಇದನ್ನು ಕೇಳಿ: ಸಾಯುವವರು ಯಾರು? ದೊಡ್ಡವರು ಸಾಯುವ ಕಥೆಯನ್ನು ಮಗು ಸ್ವಲ್ಪ ದೂರದಿಂದ ನೋಡುತ್ತದೆ. ತನ್ನದೇ ವಯಸ್ಸಿನ ಮಗು ಸತ್ತರೆ ಆ ದೂರ ಉಳಿಯುವುದಿಲ್ಲ. ತ್ರೀಡಿಯಂತೂ ಪರದೆಯ ಮೇಲಿರುವುದನ್ನು ಕಣ್ಣಿನ ಮುಂದೆಯೇ ತಂದು ನಿಲ್ಲಿಸುತ್ತದೆ. ಕನ್ನಡಕ ತೆಗೆದರೆ ಪರದೆ ಮಸುಕಾಗುತ್ತದೆ, ಹೆದರಿದ ಮಗುವಿಗೆ ಇದನ್ನು ಮೊದಲೇ ಹೇಳಿಕೊಡಿ.

ಮನೇಲಿ ಒಟಿಟಿ ಇದೆ. ಲಾಕ್ ಹಾಕಿದ್ರೆ ಆಯ್ತಲ್ವಾ?

ಹಾಕಿ, ಖಂಡಿತ ಹಾಕಿ. 2021ರ ಐಟಿ ನಿಯಮಗಳ ಪ್ರಕಾರ ಒಟಿಟಿಯವರು ತಾವೇ ವಯಸ್ಸಿನ ಗುರುತು ಹಾಕಬೇಕು. ಯು/ಎ 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಲಾಕ್ ಸೌಲಭ್ಯ ಕೊಡಲೇಬೇಕು. ಇದು ಅವರೇ ಹಾಕಿಕೊಂಡ ಗುರುತು, ಸೆನ್ಸಾರ್ ಮಂಡಳಿ ನೋಡಿ ಕೊಟ್ಟದ್ದಲ್ಲ. ಪಿನ್ ಆಗಿ ಮನೆಯವರ ಹುಟ್ಟಿದ ವರ್ಷ ಇಡಬೇಡಿ. ನಿಮ್ಮ ಪ್ರೊಫೈಲ್‌ಗೂ ಪಿನ್ ಇರಲಿ, ಇಲ್ಲದಿದ್ದರೆ ಮಗು ಅದರಿಂದಲೇ ಒಳಗೆ ಹೋಗುತ್ತದೆ.

## ಇನ್ನಷ್ಟು ಯೋಚಿಸುವವರಿಗೆ

ನಾವೆಲ್ಲ ಚಿಕ್ಕಂದಿನಲ್ಲೇ ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಓದಿದವರು. ನಮಗೇನೂ ಆಗ್ಲಿಲ್ವಲ್ಲ?

ಒಬ್ಬರು ಅಜ್ಜ ಬಹಳ ಪ್ರೀತಿಯಿಂದ ಕೇಳಿದ ಪ್ರಶ್ನೆ ಇದು. ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯ ಇವರಿಂದ ಎಷ್ಟು ಜನ ಕನ್ನಡ ಓದುವ ರೂಢಿ ಮಾಡಿಕೊಂಡರು ಎಂಬುದು ಲೆಕ್ಕಕ್ಕೆ ಸಿಗದು. ಅವುಗಳಲ್ಲೂ ಕೊಲೆ ಇತ್ತು, ಹೆಣ ಇತ್ತು.

ಆದರೆ ಓದುವಾಗ ಚಿತ್ರ ಬಿಡಿಸುವುದು ಓದುವವರೇ. ಹತ್ತು ವರ್ಷದ ಹುಡುಗ ಹೆಣವನ್ನು ತನ್ನಿಂದ ತಡೆದುಕೊಳ್ಳಲು ಆಗುವಷ್ಟೇ ಕಲ್ಪಿಸಿಕೊಳ್ಳುತ್ತಾನೆ. ಭಯವಾದರೆ ಪುಸ್ತಕ ಮಡಚಿ ಅಡುಗೆಮನೆಗೆ ಹೋಗುತ್ತಾನೆ, ಧೈರ್ಯ ಬಂದಾಗ ಅದೇ ಪುಟಕ್ಕೆ ವಾಪಸ್ ಬರುತ್ತಾನೆ. ಕೊನೆಯ ಪುಟ ಮೊದಲು ನೋಡಿಬಿಡುವ ಮಕ್ಕಳೂ ಇದ್ದಾರೆ, ಅದೂ ಒಳ್ಳೆಯದೇ. ಸಿನಿಮಾದಲ್ಲಿ ಚಿತ್ರ ಬೇರೆಯವರದು, ವೇಗವೂ ಬೇರೆಯವರದು. ಅದಕ್ಕೇ ಪುಸ್ತಕಕ್ಕೆ ನಾನು ಎರಡು-ಮೂರು ವರ್ಷ ಮುಂಚೆಯೇ ಹೂಂ ಅನ್ನುತ್ತೇನೆ. ಹೋಮ್ಸ್‌ನನ್ನೂ ಮಕ್ಕಳು ಮೊದಲು ಓದಲಿ. ಕಾನನ್ ಡಾಯ್ಲ್ ಬರೆದ 56 ಸಣ್ಣಕಥೆಗಳಲ್ಲಿ ಹೊಡೆದಾಟ ತೀರಾ ಕಡಿಮೆ, ನೋಡುವುದು-ಯೋಚಿಸುವುದೇ ಜಾಸ್ತಿ.

ಹಿಂಸೆ ನೋಡಿದ ಮಕ್ಕಳು ಹಿಂಸೆ ಕಲೀತಾರೆ ಅಂತಾರಲ್ಲ, ನಿಜಾನಾ?

ಅನುಕರಣೆ ನಿಜ. ಆಲ್ಬರ್ಟ್ ಬಂಡೂರ 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಮಾಡಿದ ಪ್ರಯೋಗ ಪ್ರಸಿದ್ಧ. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಗೆ ಹೊಡೆಯುವುದನ್ನು ನೋಡಿದ ಪುಟ್ಟ ಮಕ್ಕಳು, ಆಮೇಲೆ ತಾವೂ ಹಾಗೇ ಹೊಡೆದರು. 1963ರಲ್ಲಿ ಅದನ್ನೇ ಫಿಲ್ಮಿನಲ್ಲಿ ತೋರಿಸಿದಾಗಲೂ ಮಕ್ಕಳು ಅನುಕರಿಸಿದರು. ಆದರೆ ಗೊಂಬೆಗೆ ಹೊಡೆಯುವುದು ಬೇರೆ, ಮನುಷ್ಯರಿಗೆ ಹೊಡೆಯುವುದು ಬೇರೆ. ಒಂದು ಸಿನಿಮಾದಿಂದ ಮಗು ಕ್ರೂರಿಯಾಗುತ್ತದೆ ಎಂದು ಆ ಪ್ರಯೋಗ ಹೇಳುವುದಿಲ್ಲ.

ಸಿನಿಮಾ ನೋಡಿದ ಮಾರನೇ ದಿನ ಮಗ ತಮ್ಮನ ಪಕ್ಕೆಗೆ ಗುದ್ದಿ ‘ಹೋಮ್ಸ್ ಸ್ಟೈಲ್’ ಅಂದರೆ ಗಾಬರಿಯಾಗಬೇಡಿ. ಅಲ್ಲೇ ತಡೆದು, ತಮ್ಮನಿಗೆ ಎಲ್ಲಿ ನೋವಾಯಿತು ಎಂದು ಅವನಿಂದಲೇ ಕೇಳಿಸಿ. ಸಿನಿಮಾ ತೋರಿಸದೆ ಬಿಟ್ಟ ಭಾಗವನ್ನು ಅವನು ಅಲ್ಲಿ ನೋಡಲಿ.

ಮಾಟ-ಮಂತ್ರ ಇರೋ ಸಿನಿಮಾ ತೋರಿಸಿದ್ರೆ ಮೂಢನಂಬಿಕೆ ಬೆಳೆಯಲ್ವಾ?

ಸಿನಿಮಾ ಕೊನೆಗೆ ಯಾರ ಪರ ನಿಲ್ಲುತ್ತದೆ ನೋಡಿ. ಕೆಲವು ಸಿನಿಮಾಗಳಲ್ಲಿ ಪೊಲೀಸ್ ತನಿಖೆ ಎಲ್ಲ ಮುಗಿದ ಮೇಲೆ ‘ಆದರೂ ದೆವ್ವ ಇತ್ತು’ ಎಂದು ಬಿಡುತ್ತಾರೆ. ಅಂಥದ್ದು ಚಿಕ್ಕವರಿಗೆ ಬೇಡ. ಹೋಮ್ಸ್ ಸಿನಿಮಾ ಇದಕ್ಕೆ ಪೂರ್ತಿ ಉಲ್ಟಾ, ಮಂತ್ರದ ಹೆಸರಿನಲ್ಲಿ ಜನರನ್ನು ಹೆದರಿಸಿ ಅಧಿಕಾರ ಹಿಡಿಯಲು ಹೊರಟವನ ಕಥೆ ಅದು. ಹದಿಮೂರು-ಹದಿನಾಲ್ಕರ ಮಕ್ಕಳ ಜೊತೆ ಮಾತು ಮುಂದುವರಿಸಲು ಒಳ್ಳೆಯ ಜಾಗ. ನಮ್ಮ ರಾಜ್ಯದಲ್ಲೇ ವಾಮಾಚಾರ, ಅಮಾನವೀಯ ಆಚರಣೆಗಳ ವಿರುದ್ಧ 2017ರ ಕಾಯ್ದೆ ಇದೆ. ಅದು ಯಾಕೆ ಬೇಕಾಯಿತು ಎಂದು ಅವರನ್ನೇ ಕೇಳಿ.

ಹಾಗಾದ್ರೆ ಚಿಕ್ಕವರಿಗೆ ಯಾವುದರಿಂದ ಶುರು ಮಾಡೋದು?

ಎಂಟು-ಒಂಬತ್ತರ ಮಕ್ಕಳಿಗೆ ನಾನು ಮೊದಲು ಹೇಳುವುದು ಸತ್ಯಜಿತ್ ರಾಯ್ ಅವರ ‘ಸೋನಾರ್ ಕೆಲ್ಲಾ’. 1974ರ ಬಂಗಾಳಿ ಸಿನಿಮಾ. ಪತ್ತೇದಾರ ಫೆಲುದಾನನ್ನು ರಾಯ್ ಮಕ್ಕಳ ಪತ್ರಿಕೆ ‘ಸಂದೇಶ್’ಗಾಗಿಯೇ ಸೃಷ್ಟಿಸಿದ್ದರು. ಹಿಂದಿನ ಜನ್ಮ ನೆನಪಿದೆ ಎನ್ನುವ ಮುಕುಲ್ ಎಂಬ ಪುಟ್ಟ ಹುಡುಗ, ಅವನ ಹಿಂದೆ ಬಿದ್ದ ದುಷ್ಟರು, ರಾಜಸ್ಥಾನದ ಕೋಟೆಗಳು, ರೈಲು, ಒಂಟೆ. ಅಪಾಯ ಇಲ್ಲ ಎಂದಲ್ಲ. ಒಬ್ಬನನ್ನು ಗುಡ್ಡದಿಂದ ತಳ್ಳುತ್ತಾರೆ, ಫೆಲುದಾನ ಕೋಣೆಯಲ್ಲಿ ಚೇಳು ಬಿಡುತ್ತಾರೆ. ಆದರೆ ರಾಯ್ ಹೆದರಿಕೆಯನ್ನು ಜಾಸ್ತಿ ಹೊತ್ತು ಹಿಡಿದಿಡುವುದಿಲ್ಲ. ಚೇಳು ಬಂತು, ಕಂಡಿತು, ಕಥೆ ಮುಂದೆ ಹೋಯಿತು.

ಭಾಷೆ ಬರುವುದಿಲ್ಲವಲ್ಲ ಎಂದು ಹಿಂಜರಿಯಬೇಡಿ. ಸಬ್‌ಟೈಟಲ್ ನೋಡಿಕೊಂಡು ನೀವೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಿ. ಮಗು ಬೇಡದ ಪ್ರಶ್ನೆಗಳನ್ನೆಲ್ಲ ಕೇಳುತ್ತದೆ, ಪದೇ ಪದೇ ನಿಲ್ಲಿಸಬೇಕಾಗುತ್ತದೆ, ಸಿನಿಮಾ ಎರಡು ದಿನ ಹಿಡಿಯುತ್ತದೆ. ಹಿಡಿಯಲಿ. ಅದು ಯಾವುದಕ್ಕೆ ಕಣ್ಣು ಮುಚ್ಚಿತು, ಎಲ್ಲಿ ನಿಮ್ಮ ಕೈ ಹಿಡಿಯಿತು, ಯಾವ ಸೀನ್ ಇನ್ನೊಮ್ಮೆ ಹಾಕು ಅಂದಿತು ಎಂದು ಗಮನಿಸಿ. ಮುಂದಿನ ಸಿನಿಮಾ ಆರಿಸಲು ಯಾವ ಸರ್ಟಿಫಿಕೇಟ್‌ಗಿಂತಲೂ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.